ಎಡಗಾಲಿನ ರಾಜಮಹ್ಮದ

ರಾಜಮಹ್ಮದ ಎಲ್ಲಿಗೆ ಬಂದರೂ ಮೊದಲು ಬರುತ್ತಿದ್ದುದು ಅವನ ಎಡಗಾಲು. ಉಳಿದ ರಾಜಮಹ್ಮದ ಅದರ ಅಪ್ಪಣೆ ಪಡೆದವನಂತೆ ಹಿಂದಿನಿಂದ ಬರುತ್ತಿದ್ದ. ತರಗತಿಯ ಹೊಸ್ತಿಲಿರಲಿ, ಬಸ್ಸಿನ ಮೆಟ್ಟಿಲಿರಲಿ, ಮದುವೆಯ ಹಂದರವಿರಲಿ, ಅವನು ದಾಟುವುದು ಎಡಗಾಲಿನಿಂದಲೇ. ಬಲಗಾಲಿಟ್ಟು ಒಳಗೆ ಬರುವುದೇ ಶುಭವೆಂದು ಎಲ್ಲ ಜಾತಿಯವರೂ ಒಮ್ಮನಸ್ಸಿನಿಂದ ನಂಬಿದ ನಾಡಿನಲ್ಲಿ ಇದು ಸಣ್ಣ ಅಪರಾಧವಲ್ಲ. ಇಳಕಲ್ಲಿನ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕುಳಿತ ತಾಯಿ ರೋಷನಬಿ ರಾಟೆ ನಿಲ್ಲಿಸಿ, "ಬಲಗಾಲು ಇಡೋ, ಬಲಗಾಲು! ಎಷ್ಟ ಸಲ ಹೇಳ್ಲಿ ನಿನಗ?" ಎಂದು ಕೂಗುವಳು. ಮಗ ವಿಧೇಯತೆಯಿಂದ ಹಿಂದಕ್ಕೆ ಹೋಗಿ, ಬಲಗಾಲಿಟ್ಟು ಮತ್ತೊಮ್ಮೆ ಒಳಬಂದು, ಅಡುಗೆಮನೆಯ ಹೊಸ್ತಿಲನ್ನು ಪುನಃ ಎಡಗಾಲಿನಿಂದಲೇ ದಾಟುವನು.

ಬಾಗಲಕೋಟೆಯ ಕಾಲೇಜಿನಲ್ಲಿ ಮಾತ್ರ ಆ ಎಡಗಾಲಿಗೆ ಪೂಜೆಯೊಂದನ್ನು ಬಿಟ್ಟು ಉಳಿದೆಲ್ಲ ಮರ್ಯಾದೆಯೂ ಸಲ್ಲುತ್ತಿತ್ತು. ಫುಟ್‌ಬಾಲ್ ತಂಡದ ಎಡಅಂಚಿನಲ್ಲಿ, ಸುಣ್ಣದ ಗೆರೆಗೆ ಅಂಟಿಕೊಂಡಂತೆ ಅವನು ಚೆಂಡು ಒಯ್ಯುವುದನ್ನು ನೋಡಲು ಅಂಗಡಿಕಾರರು ಗಲ್ಲಾಪೆಟ್ಟಿಗೆ ಬಿಟ್ಟು ಬರುತ್ತಿದ್ದರು. ಅವನ ಇನ್ನೊಂದು ವಿಲಕ್ಷಣತೆಯೆಂದರೆ, ಬಲಗಾಲಿಗೆ ಬೂಟು ಹಾಕಿಕೊಂಡು, ಎಡಗಾಲಿಗೆ ಬರೀ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡುವುದು. ಯಾಕೆಂದು ಕೇಳಿದರೆ, "ಚೆಂಡು ಕಾಲಿಗೆ ಗೊತ್ತಾಗಬೇಕ್ರಿ, ತೊಗಲಿಗಲ್ಲ" ಎನ್ನುವನು. ಕಾಲೇಜಿನ ಆಟೋಟದ ಜಿಮಖಾನಾ ನೋಡಿಕೊಳ್ಳುತ್ತಿದ್ದ ಪಂಢರೀನಾಥ ಮಾಸ್ತರರು ಏಕಾದಶಿಗೆ ಹನಿ ನೀರೂ ಮುಟ್ಟದ ಕರ್ಮಠರು. ಮೊಣಕಾಲಿನತನಕ ಇಳಿಬಿದ್ದ ಕಂದು ಕೋಟಿನ ಜೇಬಿನಲ್ಲಿ ಒಂದು ಕಡೆ ಸೀಟಿ, ಒಂದು ಕಡೆ ತುಳಸೀಮಣಿ ಇಟ್ಟುಕೊಂಡವರು. ಅವರು ಕೂಡ, "ಶಾಸ್ತ್ರ ಏನರ ಹೇಳ್ಲಿ, ಮೈದಾನದಾಗ ಇಂವನ ಎಡಗಾಲೇ ಲಕ್ಷ್ಮಿ ನೋಡ್ರಿ" ಎಂದು ತೀರ್ಪು ಕೊಟ್ಟುಬಿಟ್ಟಿದ್ದರು.

ಕಾಲಿನಷ್ಟೇ ಪ್ರಸಿದ್ಧವಾದದ್ದು ಅವನ ಒಂದು ಮಾತು: "ಏನೂ ಆಗಿಲ್ಲ ಬಿಡ್ರಿ." ಸಣ್ಣವನಿದ್ದಾಗ ಊಟಕ್ಕೆ ಕುಳಿತಲ್ಲಿ ಚೇಳು ಕಡಿದರೂ ಏನೂ ಆಗಿಲ್ಲವೆನ್ನುತ್ತ ರೊಟ್ಟಿ ಮುರಿಯುತ್ತಲೇ ಇದ್ದನಂತೆ, ತುಟಿ ನೀಲಿಗಟ್ಟಿದಾಗಲೇ ಮನೆಯವರಿಗೆ ತಿಳಿದದ್ದು. ಇಂಟರ್ ಪರೀಕ್ಷೆಯಲ್ಲಿ ಇಂಗ್ಲಿಷು ಕೈಕೊಟ್ಟಾಗಲೂ ಅದೇ ಮಾತು. ಸಂಕಟವನ್ನು ಇನ್ನೊಬ್ಬರ ಮುಂದೆ ಬಿಚ್ಚಿಡುವುದು ಅವನಿಗೆ ಬೀದಿಯಲ್ಲಿ ಅಂಗಿ ಕಳಚಿದಷ್ಟು ನಾಚಿಕೆಯ ಸಂಗತಿ. ಇಂಥವರನ್ನು ಲೋಕ ಧೀರರೆಂದು ಹೊಗಳುತ್ತದೆ. ಹೊಗಳಿಕೆಯ ಖರ್ಚಿನ ಬಿಲ್ಲು ಮನೆಯವರ ಹೆಸರಿಗೆ ಬರುತ್ತದೆ.

ಐವತ್ತೆರಡನೆಯ ಇಸವಿಯ ಮಳೆಗಾಲ. ಒಬ್ಬ ವಿದ್ಯಾರ್ಥಿ ಕಾಲೇಜಿನ ಪರವಾಗಿ ನಾಲ್ಕು ವರ್ಷ ಮಾತ್ರ ಆಡಬಹುದೆಂಬ ನಿಯಮವಿತ್ತು. ಒಮ್ಮೆ ನಪಾಸಾದ ರಾಜಮಹ್ಮದನಿಗೆ ಓದು ಇನ್ನೂ ಒಂದು ವರ್ಷ ಉಳಿದಿದ್ದರೂ ಆಟಕ್ಕೆ ಅದೇ ಕೊನೆಯ ವರ್ಷ. ಆ ಹಂಗಾಮಿನಲ್ಲಿ ಚೆನ್ನಾಗಿ ಆಡಿದವರನ್ನು ಹುಬ್ಬಳ್ಳಿಯ ರೇಲ್ವೆಯವರು ತಮ್ಮ ತಂಡಕ್ಕೆ ಆರಿಸಿಕೊಳ್ಳುವರೆಂಬ ಸುದ್ದಿ ಇತ್ತು. ಅಲ್ಲಿ ಆಟವೇ ನೌಕರಿ. ಮೊದಲ ಪಂದ್ಯ ವಿಜಾಪುರದ ತಂಡದೊಡನೆ. ಆಟ ಶುರುವಾಗಿ ಬಹಳ ಹೊತ್ತಾಗಿರಲಿಲ್ಲ, ಗೋಲು ಕಾಯುತ್ತಿದ್ದ ಗೋಲಿಯೂ ಅವನೂ ಒಂದೇ ಚೆಂಡಿಗೆ ಹಾರಿದರು. ಗೋಲಿ ಎದ್ದ, ಅವನು ಏಳಲಿಲ್ಲ. ಮಾಸ್ತರರು ಕೋಟು ಎತ್ತಿಹಿಡಿದುಕೊಂಡು ಓಡಿಬಂದಾಗ ಎಡ ಮೊಣಕಾಲು ತಿರುಚಿಕೊಂಡು ನಿಂತಿತ್ತು, ಮುಖ ಸುಣ್ಣದ ಗೆರೆಯ ಬಣ್ಣಕ್ಕೆ ಬಂದಿತ್ತು.

"ಏನಾತೋ?"

"ಏನೂ ಆಗಿಲ್ಲ ಬಿಡ್ರಿ."

ದವಾಖಾನೆಯ ಡಾಕ್ಟರರು ತೊಡೆಯಿಂದ ಪಾದದತನಕ ಪ್ಲಾಸ್ಟರು ಹಾಕಿ, ಈ ಹಂಗಾಮು ಮುಗಿಯುವವರೆಗೆ ಚೆಂಡಿನ ಮುಖ ನೋಡಕೂಡದೆಂದು ಬರೆದುಕೊಟ್ಟರು. ಆಗ ಮಾಸ್ತರರಿಗೆ ನಿಯಮದ ಇನ್ನೊಂದು ಕಲಮು ನೆನಪಾಯಿತು. ಪೆಟ್ಟಾಗಿ ಹಂಗಾಮು ಪೂರ್ತಿ ಆಡಲಾಗದವನಿಗೆ ಆ ವರ್ಷವನ್ನು ಲೆಕ್ಕದಿಂದ ಬಿಟ್ಟು, ಮುಂದಿನ ವರ್ಷ ಆಡಗೊಡಬಹುದು. ಆದರೆ ನಡುವೆಯೇ ಗುಣವಾಗಿದ್ದರೆ ಆ ಸವಲತ್ತಿಲ್ಲ. "ನೋಡಪಾ ರಾಜಾ," ಎಂದರು ಅವರು, "ಈ ವರ್ಷ ಹೋಗಿಲ್ಲ, ಗಂಟು ಕಟ್ಟಿ ಇಟ್ಟಂಗ ಅದ. ನೀ ಸುಮ್ಮನ ಮಲಗೋದೊಂದ ಕೆಲಸ." ಆದರೆ ಸುಮ್ಮನೆ ಮಲಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ರೋಷನಬಿ ಮಗನನ್ನು ಇಳಕಲ್ಲಿಗೆ ಕರೆದೊಯ್ದಳು. ಹೋದ ದಿನವೇ ಅಲಾಯಿ ದೇವರಿಗೆ ಹರಕೆ ಹೊತ್ತಳು: ಮಗನ ಕಾಲು ನೆಟ್ಟಗಾದರೆ ಈ ಮೊಹರಮ್ಮಿನಲ್ಲಿ ಅವನು ಬೆಂಕಿ ಹಾಕಿದ ತಗ್ಗಿನ, ಅಲಾಯಿ ಕುಣಿಯ, ಸುತ್ತ ಹೆಜ್ಜೆ ಹಾಕುತ್ತಾನೆ. ಓಣಿಯವರೆಲ್ಲ, ಲಿಂಗಾಯತರು, ದೇವಾಂಗದವರು, ಮುಸಲ್ಮಾನರು, ಆ ಹರಕೆಗೆ ಸಾಕ್ಷಿ. ಪ್ಲಾಸ್ಟರು ಬಿಚ್ಚಿದ್ದು ಹಬ್ಬದ ಹೊಸ್ತಿಲಲ್ಲಿ. ಕಾಲು ಒಣಗಿದ ಹತ್ತಿಕಟ್ಟಿಗೆಯಾಗಿತ್ತು. ಊರಿದರೆ ಮೊಣಕಾಲೊಳಗೆ ಏನೋ ಜಾರಿ, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ತಾಯಿ ಮುಂಜಾನೆದ್ದರೆ ಮೊದಲು ಕೇಳುತ್ತಿದ್ದುದು ಒಂದೇ.

"ನೆಟ್ಟಗಾತೇನೋ ರಾಜಾ?"

ಅವಳ ಕಣ್ಣಿನಲ್ಲಿ ಪ್ರಶ್ನೆಗಿಂತ ಮೊದಲೇ ಉತ್ತರ ಕುಳಿತಿರುತ್ತಿತ್ತು. ಅದನ್ನು ಎಬ್ಬಿಸಿ ಹೊರಗೆ ಹಾಕುವ ಎದೆಗಾರಿಕೆ ಅವನಿಗಿರಲಿಲ್ಲ.

"ಏನೂ ಆಗಿಲ್ಲಮ್ಮಾ. ನೆಟ್ಟಗಾಗೇತಿ."

ದೇವರು ಹೊಳೆಗೆ ಹೋಗುವ ಹಬ್ಬದ ಕೊನೆಯ ದಿನ ಮಧ್ಯಾಹ್ನ, ಹಲಗೆ ಬಡಿಯುತ್ತಿದ್ದಂತೆ, ಅವನು ಕೋಲು ಮೂಲೆಗಿಟ್ಟು ಕುಣಿಯ ಸುತ್ತ ಇಳಿದ. ಜನ ದಾರಿ ಬಿಟ್ಟರು. ಹೆಜ್ಜೆ ಹೆಜ್ಜೆಗೂ ಮೊಣಕಾಲಿನಲ್ಲಿ ಕೆಂಡ ತಿರುವಿದಂತಾಗುತ್ತಿತ್ತು, ಆದರೂ ಸುತ್ತು ಬಿಡಲಿಲ್ಲ. ತಾಯಿ ಎಲ್ಲಿ ನಿಂತಿದ್ದಾಳೆಂದು ನೋಡಿಕೊಂಡು, ಆ ಕಡೆ ಬಂದಾಗಲೆಲ್ಲ ನಕ್ಕ. ರೋಷನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಾರನೆಯ ದಿನದಿಂದ ಓಣಿಯ ತುಂಬ ಅವಳದೇ ಮಾತು: ದೇವರು ಮಗನ ಕಾಲು ಕೊಟ್ಟ, ಎಲ್ಲರೂ ಕಣ್ಣಾರೆ ಕಂಡಿರಲ್ಲ. ಮಗ ಮಾತ್ರ ಹೊದ್ದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ. ಆ ಕಾಲು ಮತ್ತೆ ನೆಲ ಹಿಡಿದದ್ದು ಹಂಗಾಮು ಮುಗಿದು, ಸಂಕ್ರಮಣವೂ ದಾಟಿದ ಮೇಲೆಯೇ.

ಕುಣಿದದ್ದನ್ನು ಕಂಡವರಲ್ಲಿ ಒಬ್ಬ ವಿಜಾಪುರ ತಂಡದ ಆಟಗಾರನೂ ಇದ್ದ. ತಂಗಿಯ ಮದುವೆಗೆ ಸೀರೆ ಕೊಳ್ಳಲು ಮನೆಯವರೊಂದಿಗೆ ಇಳಕಲ್ಲಿಗೆ ಬಂದವನು, ಸೀರೆಯ ಜೊತೆಗೆ ಈ ಸುದ್ದಿಯನ್ನೂ ಕಟ್ಟಿಕೊಂಡು ಹೋದ. ಮರುವರ್ಷ ರಾಜಮಹ್ಮದನ ಹೆಸರು ತಂಡದಲ್ಲಿ ಕಾಣುತ್ತಲೇ ವಿಜಾಪುರದವರು ತಕರಾರು ಹೂಡಿದರು: ಮೊಹರಮ್ಮಿಗೆ ಊರ ಮುಂದೆ ಕುಣಿದವನಿಗೆ ಹಂಗಾಮು ಪೂರ್ತಿ ಕಾಲಿರಲಿಲ್ಲವೆಂದರೆ ಯಾರು ನಂಬಬೇಕು? ಡಾಕ್ಟರರು ಆ ಹೊತ್ತಿಗೆ ವರ್ಗವಾಗಿ ದೂರ ಹೋಗಿದ್ದರು. ವಿಚಾರಣೆಗೆಂದು ಧಾರವಾಡದಿಂದ ವಿಶ್ವವಿದ್ಯಾಲಯದ ಪ್ರೊಫೆಸರ್ ಗಲಗಲಿಯವರು ಬರುವುದು ಗೊತ್ತಾಯಿತು. ಮಾಸ್ತರರು ತಮ್ಮ ಬುದ್ಧಿಗೆ ತೋಚಿದ ಒಂದು ಉಪಾಯ ಮಾಡಿದರು. ಹೆತ್ತವಳೇ ಬಂದು ಮಗನ ಸಂಕಟ ಹೇಳಿದರೆ ಎಂಥವರ ಮನಸ್ಸೂ ಕರಗೀತೆಂದು, ರೋಷನಬಿಗೆ ಬರಹೇಳಿ ಕಳಿಸಿದರು.

ಅವಳು ಬಂದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಸಾಹೇಬರಿಗೆಂದು ಕರದಂಟು ಕಟ್ಟಿಸಿಕೊಂಡು, ಹಬ್ಬದ ಸೀರೆ ಉಟ್ಟು ಬಂದಳು. ಜಿಮಖಾನಾದ ಕಟ್ಟೆಯ ಮೇಲೆ ಮಾಸ್ತರರನ್ನು ಕಂಡವಳೇ, "ಚಿಂತಿ ಮಾಡಬ್ಯಾಡ್ರಿ ಮಾಸ್ತರ್ರ. ಅಲಾಯಿ ದೇವರು ಅವತ್ತ ನನ್ನ ಮಗನ ಕಾಲು ನೆಟ್ಟಗ ಮಾಡ್ಯಾನ. ನಾ ಹೇಳ್ತೇನಿ ಸಾಹೇಬ್ರಿಗೆ" ಎಂದಳು. ಮಾಸ್ತರರ ಕೈ ಕೋಟಿನ ಜೇಬಿನಲ್ಲಿ ತುಳಸೀಮಣಿಯ ಮೇಲೆ ಹಾಗೇ ನಿಂತುಬಿಟ್ಟಿತು. ಅವರು ಬಾಯಿ ತೆರೆಯುವುದರೊಳಗೆ ಸಿಪಾಯಿ ರಾಜಮಹ್ಮದನ ಸಮೇತ ಮೂವರನ್ನೂ ಒಳಗೆ ಕರೆದ.

ಗಲಗಲಿಯವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಒಳ್ಳೆಯದಿತ್ತು, ಬೈದುಕೊಂಡಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ನಶ್ಯದ ಡಬ್ಬಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೆಲುದನಿಯಲ್ಲಿ ಕೇಳಿದರು.

"ಕುಣದದ್ದು ಖರೆ ಏನಪಾ?"

"ಖರೆ ರಿ."

"ಹಂಗಾದ್ರ ಒಂದ ಮಾತು ಹೇಳು. ಅವತ್ತ ನಿನ್ನ ಕಾಲು ಗುಣ ಆಗಿತ್ತೋ, ಇಲ್ಲೋ? ವಿಚಾರ ಮಾಡಿ ಹೇಳು. ಇದರ ಮ್ಯಾಲೇ ಎಲ್ಲಾ ನಿಂತದ."

ರಾಜಮಹ್ಮದನಿಗೆ ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಇಲ್ಲವೆಂದರೆ ಸತ್ಯ, ವರ್ಷ ಉಳಿಯುತ್ತದೆ, ಮೈದಾನ ಉಳಿಯುತ್ತದೆ, ಹುಬ್ಬಳ್ಳಿಯ ದಾರಿ ತೆರೆದಿರುತ್ತದೆ. ಆದರೆ ಬಾಗಿಲ ಬಳಿ ಕರದಂಟಿನ ಪೊಟ್ಟಣ ಹಿಡಿದು ನಿಂತ ತಾಯಿಯ ಮುಂದೆ, ನಿನ್ನ ದೇವರು ಅವತ್ತು ನನ್ನ ಕಾಲು ಮುಟ್ಟಿರಲಿಲ್ಲ, ನಿನ್ನ ಹರಕೆ ಗುಣವಾಗದ ಕಾಲಿನಿಂದ ತೀರಿತು, ನೀನು ಓಣಿಯ ತುಂಬ ಹೇಳಿಕೊಂಡು ಬಂದದ್ದು ಬರೀ ಗಾಳಿಮಾತು ಎಂದು ಹೇಳಬೇಕು. ಮಾಸ್ತರರು ಅವನನ್ನೇ ದಿಟ್ಟಿಸುತ್ತಿದ್ದರು. ಸೀಟಿ ಊದಿದ ಮೇಲೂ ಚೆಂಡು ನಿಲ್ಲದಿದ್ದಾಗ ಅವರ ಹಣೆಯಲ್ಲಿ ಏಳುತ್ತಿದ್ದ ನರ ಎದ್ದಿತ್ತು. ಹೊರಗೆ ಯಾರೋ ಚೆಂಡು ಪುಟಿಸುತ್ತಿದ್ದ ಸಪ್ಪಳ ಕೋಣೆಯೊಳಗೆ ಬರುತ್ತಿತ್ತು. ಅವನಿಗೆ ಅದು ಕಿವಿಯಲ್ಲಲ್ಲ, ಎಡಗಾಲಿನಲ್ಲಿ ಕೇಳಿಸುತ್ತಿತ್ತು.

"ಏನೂ ಆಗಿದ್ದಿಲ್ರಿ," ಎಂದ ಅವನು. "ನೆಟ್ಟಗಾಗಿತ್ತು."

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಗಲಗಲಿಯವರು ಲೇಖನಿಯ ಟೊಪ್ಪಿಗೆ ತೆಗೆದರು. ಆಗ ಬಾಗಿಲ ಬಳಿಯಿಂದ ರೋಷನಬಿ ಮುಂದೆ ಬಂದಳು. ಪೊಟ್ಟಣವನ್ನು ಮೇಜಿನ ಮೇಲಿಡಲಿಲ್ಲ, ಎದೆಗೆ ಒತ್ತಿಹಿಡಿದಿದ್ದಳು.

"ಸಾಹೇಬ್ರ, ಬರೀಬ್ಯಾಡ್ರಿ. ನನ್ನ ಮಗಾ ಸುಳ್ಳ ಹೇಳಾಕತ್ತಾನ್ರಿ."

"ಅಮ್ಮಾ, ನೀ ಸುಮ್ಮನಿರು," ಎಂದ ರಾಜಮಹ್ಮದ.

"ನೀ ಸುಮ್ಮನಿರೋ. ಸಾಹೇಬ್ರ, ಇಂವ ನಡ್ಯಾಕ ಕಲ್ತಾಗಿಂದ ಎಡಗಾಲು ಮುಂದ ಇಡಾಂವ. ಬೈದು ಬೈದು ನನ್ನ ಬಾಯಿ ಒಣಗೇತಿ. ಅವತ್ತ ಅಲಾಯಿ ಕುಣಿ ಸುತ್ತ ಒಂದ ಹೆಜ್ಜಿನೂ ಎಡಗಾಲು ಮುಂದ ಬರಲಿಲ್ರಿ. ಎಲ್ಲಾ ಬಲಗಾಲಿಂದನ ಹಾಕಿದಾ, ಎಡಗಾಲು ಹಿಂದಿಂದ ಎಳ್ಕೊಂಡ ಬರ್ತಿತ್ತು. ಊರ ಮಂದಿ ಕುಣತ ನೋಡಿದ್ರು. ನಾ ಕಾಲು ನೋಡೀನ್ರಿ. ಹಡದಾಕಿ ನಾ."

ಗಲಗಲಿಯವರು ಲೇಖನಿ ಕೆಳಗಿಟ್ಟರು. "ಮತ್ತ ಊರಾಗೆಲ್ಲಾ, ಈಗ ಹೊರಗ ಕಟ್ಟಿ ಮ್ಯಾಲೂ ನನಗ ಕೇಳೂವಂಗ, ಗುಣ ಆತು ಅಂತ ಹೇಳಿದಿಯಲ್ಲವ್ವಾ?"

"ಹೇಳೀನ್ರಿ. ಅಷ್ಟ ನೋವು ನುಂಗಿ, ನನ್ನ ಮಾರಿ ನೋಡಿ ನಕ್ಕೋತ ಕುಣದಾನ. ಗುಣ ಆಗಿಲ್ಲ ಅಂತ ನಾ ಹೆಂಗ ಅನ್ಲಿ? ಅಂವ ನನಗೋಸ್ಕರ ಸುಳ್ಳ ಹೇಳಿದಾ, ನಾ ಅವನಿಗೋಸ್ಕರ ಹೇಳಿದ್ನಿ. ಅದು ಹೇಳಿದ್ರ ಅವನ ವರ್ಷ ಹೋಗತೈತಿ ಅಂತ ನನಗೇನ ಗೊತ್ತಿತ್ರಿ? ನೀವು ಕೇಳಿದ ಮ್ಯಾಲ ತಿಳೀತು. ದೇವರ ಕೂಡ ನಾ ಮಾತಾಡ್ಕೋತೇನಿ. ಅವನ ವರ್ಷ ಅವನಿಗೆ ಕೊಡ್ರಿ."

ಗಲಗಲಿಯವರು ಒಂದು ಚಿಟಿಕೆ ನಶ್ಯ ತೆಗೆದವರು ಏರಿಸುವುದನ್ನು ಮರೆತು, ರಾಜಮಹ್ಮದನ ಕಡೆ ತಿರುಗಿದರು. "ಇನ್ನೊಮ್ಮೆ ಕೇಳ್ತೇನಿ. ಅವತ್ತ ನೋವಿತ್ತೇನಪಾ?"

ಅಭ್ಯಾಸಬಲದಿಂದ ಅವನ ಬಾಯಿ "ಏನೂ ಆ..." ಎಂದು ತೆರೆಯಿತು. ಅಲ್ಲಿಗೇ ನಿಂತಿತು. ತಾಯಿಯ ಮುಖ ನೋಡಿದ. ಚೇಳು ಕಡಿದಾಗ ಅಳದವನು, ಪ್ಲಾಸ್ಟರು ಹಾಕುವಾಗ ಅಳದವನು, ಎಲ್ಲರೆದುರು ಮುಂಗೈಯಿಂದ ಕಣ್ಣೊರೆಸಿಕೊಂಡ.

"ಭಾಳ ನೋವಿತ್ರಿ," ಎಂದ. "ಭಾಳ."

ವರ್ಷ ಅವನಿಗೆ ಸಿಕ್ಕಿತು. ಕರದಂಟನ್ನು ಗಲಗಲಿಯವರು ವಿಚಾರಣೆ ಮುಗಿದ ಮೇಲೂ ಮುಟ್ಟಲಿಲ್ಲ. ಅದು ತಂಡದ ಹುಡುಗರ ಪಾಲಾಯಿತು. ಆ ಹಂಗಾಮಿನಲ್ಲಿ ರಾಜಮಹ್ಮದ ಮೊದಲಿನ ವೇಗದಿಂದ ಓಡಲಿಲ್ಲ, ಆದರೆ ಎಲ್ಲಿ ಓಡಬಾರದೆಂಬುದನ್ನು ಕಲಿತಿದ್ದ. ರೇಲ್ವೆಯವರು ಅದನ್ನೂ ಆಟವೆಂದೇ ಎಣಿಸಿ ಅವನನ್ನು ಕರೆದುಕೊಂಡರು. ಮೊಣಕಾಲು ಚಳಿಗಾಲಕ್ಕೊಮ್ಮೆ ಹಳೆಯ ಸಾಲ ಕೇಳುವವನ ಹಾಗೆ ಬಂದು ಬಾಗಿಲು ಬಡಿಯುತ್ತಿತ್ತಂತೆ. ಹೇಗಿದೆ ಎಂದು ಕೇಳಿದರೆ ಅವನು ಸುತ್ತ ನೋಡಿ, ಸ್ವಲ್ಪ ನಾಚಿಕೊಂಡು, ನೋಯುತ್ತದೆಂದು ಒಪ್ಪಿಕೊಳ್ಳುತ್ತಿದ್ದ.

ನೋವನ್ನು ಮುಚ್ಚಿಡುವವರ ಒಂದು ಕುಲವೇ ನಮ್ಮ ಕಡೆ ಇದೆ. ತಮ್ಮ ಮೌನದಿಂದ ಮನೆಯವರನ್ನು ಕಾಯುತ್ತಿದ್ದೇವೆಂದು ಅವರು ತಿಳಿದಿರುತ್ತಾರೆ. ಆದರೆ ಆ ಮೌನವನ್ನು ಅವರಿಗಿಂತ ಮೊದಲೇ ಅರಿತು, ಅರಿಯದವರಂತೆ ನಟಿಸಿ, ಅದರ ಭಾರದ ಅರ್ಧವನ್ನು ಸದ್ದಿಲ್ಲದೆ ಹೊತ್ತವರೊಬ್ಬರು ಅದೇ ಮನೆಯಲ್ಲಿರುತ್ತಾರೆ. ಧೀರರೆಂಬ ಹೆಸರು ಮುಚ್ಚಿಟ್ಟವರಿಗೆ ಸಲ್ಲುತ್ತದೆ, ಇನ್ನೊಬ್ಬರಿಗೆ ಹೆಸರಿಲ್ಲ. ಆ ವರ್ಷದ ಮೊದಲ ಪಂದ್ಯಕ್ಕೆಂದು ರಾಜಮಹ್ಮದ ಇಳಕಲ್ಲಿನ ಮನೆಯಿಂದ ಹೊರಟಾಗ, ತಾಯಿಯ ಮನಸ್ಸು ನೋಯಬಾರದೆಂದು ಹೊಸ್ತಿಲ ಬಳಿ ತಡೆದು, ಬಲಗಾಲು ಎತ್ತಿದ. ರಾಟೆಯ ಸಪ್ಪಳ ನಿಂತಿತು.

"ಎಡಗಾಲು ಇಡೋ," ಎಂದಳು ರೋಷನಬಿ. "ನಾ ನೋಡಬೇಕು."