ಸೂತಕದಲ್ಲಿ ಇಳಿದ ಹುಳುಗಳು

೨೦೦೯ರ ನವೆಂಬರ್ ೩, ಮಧ್ಯಾಹ್ನ ಮೂರೂ ಐವತ್ತು. ಧಕುವಾಖಾನಾದ ಸೋಮ್ ಮರಗಳ ತೋಪಿನಲ್ಲಿ ಹಣ್ಣಾದ ಮುಗಾ ರೇಷ್ಮೆಹುಳುಗಳು ಗೂಡು ಕಟ್ಟುವ ಜಾಗ ಹುಡುಕುತ್ತ ಮರದಿಂದ ಇಳಿಯತೊಡಗಿದ್ದವು. ಹಿಡಿದು ಒಣಎಲೆಯ ಕಟ್ಟಿಗೆ ಬಿಡದಿದ್ದರೆ ಅವು ಇರುವೆಗಳ ಪಾಲು. ಅವುಗಳನ್ನು ಸಾಕಿದ ತಂಕೇಶ್ವರ್ ತೀರಿಕೊಂಡು ನಾಲ್ಕು ದಿನವಾಗಿತ್ತು. ಸೂತಕದವರು ಮುಗಾ ತೋಪಿಗೆ ಕಾಲಿಡುವಂತಿಲ್ಲ. ಅವರ ಹೆಂಡತಿ ಮೋನೋಮತಿ ಬೇಲಿಯ ಹೊರಗೆ ನಿಂತಿದ್ದರು. ಹೆಣಕ್ಕೆ ಹೆಗಲು ಕೊಟ್ಟಿದ್ದ ನನಗೂ ಅದೇ ಕಟ್ಟುಪಾಡು.

“ರೇಷ್ಮೆ ಆಫೀಸಿನವನಲ್ವೇನೋ ತಮ್ಮಾ? ನಿನ್ನ ಪುಸ್ತಕ ಏನನ್ನುತ್ತೆ?” ಎಂದರು ಮೋನೋಮತಿ.

“ಹುಳಕ್ಕೆ ಸೂತಕ ಗೊತ್ತಾಗಲ್ಲ ಅತ್ತಿಗೆ.”

“ಗೊತ್ತಾಗಲ್ವಂತೆ!” ಎಂದರು ಪಕ್ಕದ ಮನೆಯ ಪುಣೇಶ್ವರಿ ಅಜ್ಜಿ. “ನೂಲು ಕೆಟ್ರೆ ನೀನು ಬಂದು ನೇಯ್ತೀಯಾ?”

“ನೀವಾದ್ರೂ ಹೋಗಿ ಅಜ್ಜಿ,” ಎಂದೆ.

“ಕಣ್ಣೆಲ್ಲಿದೆಯೋ ನಂಗೆ? ಅರ್ಧ ತುಳಿದೇ ಹಾಕ್ತೀನಿ.”

ಗೂಡಿನಿಂದ ಹೊರಬರುವ ಮುಗಾ ಪತಂಗ ಏನನ್ನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಹಾಗಾಗಿ ತಳಿಯನ್ನು ಕೂಡಿಡಲು ಬರುವುದಿಲ್ಲ. ತಂಕೇಶ್ವರ್ ಹನ್ನೊಂದು ವರ್ಷ ತಮ್ಮದೇ ಪತಂಗಗಳ ಮೊಟ್ಟೆಯಿಂದ ಈ ತಳಿಯನ್ನು ಉಳಿಸಿಕೊಂಡು ಬಂದಿದ್ದರು. ಈ ಸಂಜೆ ತಪ್ಪಿದರೆ ಅದು ಮುಗಿದಂತೆ.

“ಅವರು ಇದ್ದಿದ್ರೆ ಬೈತಿದ್ರು,” ಎಂದರು ಅತ್ತಿಗೆ. “ಒಳಗೆ ಹೋಗಿದ್ದಕ್ಕಲ್ಲ, ಇಷ್ಟು ಹೊತ್ತು ನಿಂತಿದ್ದಕ್ಕೆ.”

ಅವರು ಬೇಲಿ ಸರಿಸಿ ಒಳಗೆ ಹೋದರು. ಮೊದಲು ಸಿಕ್ಕ ಹುಳುವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಿದರು. ಹಣ್ಣಾದ ಹುಳುವಿನ ಟೊಳ್ಳು ಸದ್ದು ಕೇಳಿಸಿತು. ನಾನೂ ಹಿಂದೆ ನಡೆದೆ. ಅಜ್ಜಿ ಒಣಎಲೆಯ ಕಟ್ಟುಗಳನ್ನು ಒಂದೊಂದಾಗಿ ಬೇಲಿಯ ಮೇಲಿಂದ ದಾಟಿಸಿದರು.

ಅದಾದ ಎಂಟನೆಯ ದಿನ ನೂರು ಗೂಡುಗಳನ್ನು ತೂಗಿದೆ. ಐದೂವರೆ ಗ್ರಾಂ ಇದ್ದರೆ ಗೂಡು ಒಳ್ಳೆಯದು ಎಂದು ಲೆಕ್ಕ. ಇವುಗಳ ಸರಾಸರಿ ತೂಕ ೫.೮ ಗ್ರಾಂ.