ಇಂಜಿನ್ನಿನ ಜಳಕ

ಯಾವಗಲ್ ಊರಿನ ಕಲ್ಲವ್ವನಿಗೆ ಮಕ್ಕಳಿರಲಿಲ್ಲ, ಇಂಜಿನ್ ಇತ್ತು. ಹೀಗೆಂದರೆ ನೀವು ನಗುತ್ತೀರಿ. ನಗಿರಿ, ಊರೂ ನಕ್ಕಿತ್ತು. ಗಂಡ ಉಡಚಪ್ಪ ತೋಟದ ಬಾವಿಗೆ ನೀರೆತ್ತುವ ಇಂಜಿನ್ ಕೂರಿಸಿದಾಗಿನಿಂದ ಆಕೆ ಬೇವಿನ ನೆರಳಲ್ಲಿ ಕಣ್ಣು ಮುಚ್ಚಿ ಅದರ ಡುಗುಡುಗು ಕೇಳುತ್ತ ಕೂತುಬಿಡುತ್ತಿದ್ದಳು. ಸದ್ದು ಎರೆಹೊಲದ ಮೇಲೆ ತೇಲಿ ಹೋಗುತ್ತಿತ್ತು, ತೇಲಿ ಬರುತ್ತಿತ್ತು. ಅರೆನಿದ್ದೆಯಲ್ಲಿ ಮಡಿಲಲ್ಲೇ ಯಾರೋ ಮಲಗಿ ಉಸಿರಾಡಿದಂತಾಗುತ್ತಿತ್ತು. ಆಗ ಆಕೆ ಮೈ ಅಲುಗಿಸುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅದೇ ಬಾವಿಯ ನೀರು ಸೇದಿ ಇಂಜಿನ್ನಿಗೆ ಜಳಕ ಮಾಡಿಸುವಳು, ವಿಭೂತಿ ಹಚ್ಚುವಳು. ಬಾವಿಯದೋ ಸವುಳು ನೀರು, ಬಾಯಿಗಿಟ್ಟರೆ ಉಪ್ಪುಪ್ಪು. ಮಳೆ ಹಿಡಿದು ಇಂಜಿನ್ ಸುಮ್ಮನೆ ನಿಂತಾಗಲೂ ಜಳಕ ತಪ್ಪಲಿಲ್ಲ. ಮಳೆ ಬಿಟ್ಟ ಮೇಲೆ ಉಡಚಪ್ಪ ತಿರುವಿದರೆ ಗಾಲಿ ಜಪ್ಪಯ್ಯ ಅನ್ನಲಿಲ್ಲ.

"ಸಾಕಾತು ಇದರ ಸಹವಾಸ. ಗಜೇಂದ್ರಗಡದಾಗ ಮಾರಿಬಿಡ್ತೀನಿ," ಅಂದ.

"ನಿಮ್ಮ ಕಾಲ ಬೀಳ್ತೀನ್ರಿ, ಒಮ್ಮಿ ಮಿಸ್ತ್ರಿಗೆ ತೋರಸ್ರಿ!" ಕಲ್ಲವ್ವ ಗೋಳೋ ಎಂದು ಅತ್ತಳು.

ರೋಣದಿಂದ ನಜೀರಸಾಬ ಮಿಸ್ತ್ರಿ ಬಂದ. ಹೆಬ್ಬೆರಳಿನಿಂದ ಉಜ್ಜಿದರೆ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಉದುರಿತು.

"ಯಾರ್ರಿ ಇದಕ್ಕ ನೀರ ಹಾಕಿದವರು?"

"ನಾನರೀ. ದಿನಾ ಜಳಕಾ ಮಾಡಸ್ತೀನಿ."

"ಅಯ್ಯ ಅಕ್ಕಾರ! ಸವುಳ ನೀರು ಕಬ್ಬಣಾ ತಿಂತೈತ್ರಿ."

ಕಲ್ಲವ್ವ, ಇಷ್ಟು ಅಕ್ಕರೆ ಮಾಡಿ ತಾನೇ ಕೊಲ್ಲುತ್ತಿದ್ದೆನಲ್ಲಾ ಎಂದು ಸಂಕಟಪಟ್ಟಳು.

ನಜೀರಸಾಬ ಸಂದು ಸಂದಿಗೂ ಚಿಮಣಿ ಎಣ್ಣೆ ಬಿಟ್ಟ, ನೆನೆಯಲು ಬಿಟ್ಟ, ತುಕ್ಕು ಕೆರೆದ. ಬಿಸಿಲು ಇಳಿಯುವ ಹೊತ್ತಿಗೆ ಗಾಲಿ ಕಿರ್ ಎಂದು ಒಂದು ಸುತ್ತು ಬಂತು. ಖುಷಿಯಲ್ಲಿ ಅವನ ಬಾಯಿ ಸಡಿಲಾಯಿತು.

"ಎಣ್ಣಿ ಹಚ್ಚಲಾರದ ಕೂಸಿಗೆ ಬರೇ ನೀರು ಹಾಕ್ತಾರೇನ್ರಿ ಅಕ್ಕಾರ? ಇದಕ್ಕೂ ಹಂಗ. ಒಣಾ ಬಟ್ಟಿಲೆ ಒರಸ್ರಿ, ಮೈತುಂಬ ಎಣ್ಣಿ ಹಚ್ರಿ. ನೀರ ಮಾತ್ರ ಮುಟ್ಟಸಬ್ಯಾಡ್ರಿ."

ಕಲ್ಲವ್ವ ತನ್ನ ಕೈಗಳನ್ನೇ ನೋಡಿಕೊಂಡಳು.

"ನನಗ ಹ್ಯಾಂಗ ತಿಳೀಬೇಕ್ರಿ ಅಣ್ಣಾರ? ಬಂಜಿ ಕೈಯಾಗ ಯಾರೂ ಕೂಸು ಕೊಡೂದಿಲ್ಲ."

ನಜೀರಸಾಬ ನಾಲಿಗೆ ಕಚ್ಚಿಕೊಂಡ. ಉಡಚಪ್ಪ ಮುಖ ಆಚೆ ತಿರುಗಿಸಿ ನಿಂತ. ಆಮೇಲೆ ಹರಳೆಣ್ಣೆಯ ಬಟ್ಟಲು ತಂದು ಹೆಂಡತಿಯ ಮುಂದಿಟ್ಟ.

"ಹಚ್ಚು. ಮಾರೂದಿಲ್ಲ, ಅಳಬ್ಯಾಡ."

ಆಕೆ ಬೆರಳು ಅದ್ದಿದಳು, ಮತ್ತೆ ಅನುಮಾನಿಸಿದಳು.

"ಎಣ್ಣಿ ಬೆಚ್ಚಗ ಮಾಡಬೇಕೇನ್ರಿ ಅಣ್ಣಾರ?"

ಕಬ್ಬಿಣಕ್ಕೆ ಬೆಚ್ಚಗಿನ ಎಣ್ಣೆ ಯಾತಕ್ಕೆ! ನಜೀರಸಾಬನಿಗೆ ಅದು ಗೊತ್ತಿರಲಿಲ್ಲವೇ?

"ಹೌದ್ರಿ ಅಕ್ಕಾರ," ಅಂದ ಅವನು, "ಸ್ವಲ್ಪ ಬೆಚ್ಚಗ ಮಾಡ್ರಿ."