ಬದಾವಿಯ ಹೆಸರು

ಕೈರೋದ ಆ ಹಳೆಯ ಕಟ್ಟಡದ ಬಾಗಿಲು ಕಾಯಲು ಶಾಫಿ ಬಂದು ಇಪ್ಪತ್ತಾರು ವರ್ಷ. ಮೂರನೇ ಮಹಡಿಯ ಕಾದಂಬರಿಕಾರ ರಾಮಿಜ್ ಸಾಹೇಬರು ಸಂಜೆ ಅವನ ಬೆಂಚಿನ ಮೇಲೆ ಕೂತು, ಚಹಾ ಕುಡಿಯುತ್ತ ಊರ ಸುದ್ದಿ ಕೇಳುವರು. ದೊಡ್ಡವರು ಪಕ್ಕದಲ್ಲಿ ಕೂತರಲ್ಲ ಎಂಬ ಹಿಗ್ಗಿಗೆ ಶಾಫಿ ಎದೆಯಲ್ಲಿದ್ದುದನ್ನೆಲ್ಲ ಹೇಳಿದ; ಕಟ್ಟಡ ಕೆಲಸದಲ್ಲಿ ಸಾರವೆಯಿಂದ ಬಿದ್ದು ಸತ್ತ ಮಗ ಬದಾವಿಯ ಸಂಗತಿಯನ್ನೂ.

ಪುಸ್ತಕ ಬಂತು. ಓದು ಬಾರದ ಶಾಫಿಗೆ ಮಗಳು ಸಬ್ರಿಯಾ ಓದಿ ಹೇಳಿದಳು. ಅದರಲ್ಲಿ ಸಾಹೇಬರಂಥವರೆಲ್ಲ ಗ್ರಂಥದ ಅರಬ್ಬಿಯಲ್ಲಿ ಮಾತಾಡುವರು. ಕಾವಲುಗಾರನೊಬ್ಬನದೇ ಹಳ್ಳಿಮಾತು, ಅವನು ಬಾಯಿ ಬಿಟ್ಟರೆ ನಗೆ. ಅಷ್ಟನ್ನು ಶಾಫಿ ನುಂಗಿಕೊಂಡ. ಮುಂದೆ ಸಬ್ರಿಯಾಳ ದನಿ ನಿಂತಿತು.

"ಯಾಕವಾ?"

"ಅಣ್ಣನ ಹೆಸರೈತಿ, ಅಪ್ಪಾ. ತಾಮ್ರದ ತಂತಿ ಕದ್ದು ಓಡೂವಾಗ ಬಿದ್ದ ಅಂತ ಬರದಾರ."

ಮರುದಿನ ಶಾಫಿ ಲಿಫ್ಟಿನ ಬಳಿ ಕಾದು ನಿಂತ. "ಸಾಹೇಬ್ರ, ಕಥಿ ನಿಮ್ದು, ಹೆಸರು ನಮ್ದು. ಅದೊಂದು ತಗೀರಿ. ಊರಾಗ ಅವನ ಹೆಂಡ್ತಿ, ಮಗ ಅದಾರ."

"ಕಾದಂಬರಿ ಅಂದ್ರೆ ಕಲ್ಪನೆ ಕಾಕಾ. ನಿನ್ನಂಥವರಿಗಾದ ಅನ್ಯಾಯಾನೇ ನಾನು ಬರೆದಿರೋದು. ಶುಕ್ರವಾರ ಮನೇಲಿ ಪುಸ್ತಕದ ಸಮಾರಂಭ ಇದೆ, ಬಂದು ನಾಲ್ಕು ಮಾತಾಡು. ನಿನ್ನ ಭಾಷೇಲೇ ಇರಲಿ."

"ಮಾತಾಡಿದ್ರ ಹೆಸರು ತಗೀತೀರೇನ್ರಿ?"

"ನೋಡೋಣ."

ಶುಕ್ರವಾರ ಶಾಫಿ ಒಗೆದ ನಿಲುವಂಗಿ ತೊಟ್ಟು ಹೋದ. ಸಾಹೇಬರು ಭುಜ ಹಿಡಿದು ನಡುಮನೆಯಲ್ಲಿ ಅತಿಥಿಗಳ ಎದುರು ನಿಲ್ಲಿಸಿದರು.

"ನನ್ನ ಮಗ ಕಳ್ಳ ಅಲ್ರಿ. ಇಟ್ಟಿಗಿ ಹೊರೂವಾಗ ಬಿದ್ದ."

"ಪುಸ್ತಕದಲ್ಲಿದ್ದ ಹಾಗೇ ಮಾತಾಡ್ತಾನೆ ನೋಡಿ," ಎಂದು ಒಬ್ಬಾಕೆ ಗೆಳತಿಗೆ ಹೇಳಿ ನಕ್ಕಳು.

ತನ್ನ ಮಾತು ಇಲ್ಲಿ ನಡೆಯದೆಂದು ಶಾಫಿಗೆ ತಿಳಿಯಿತು. ಅವರಿಗೂ ತನಗೂ ಒಂದೇ ಆದ ಮಾತು ಇನ್ನೂ ಒಂದು ಉಳಿದಿತ್ತು. "ಬದಾವಿ ಹೆಸರಿಗೆ ಫಾತಿಹಾ ಓದ್ರಿ," ಎಂದು ಅಂಗೈ ಎತ್ತಿ ತುಟಿಯಾಡಿಸತೊಡಗಿದ. ಸತ್ತವರ ಹೆಸರಿಗೆ ಫಾತಿಹಾ, ಕುರಾನಿನ ಮೊದಲ ಪ್ರಾರ್ಥನೆ, ಎಂದರೆ ಬೀದಿಯಲ್ಲಿ ಜಗಳವಾಡುವವರೂ ನಿಲ್ಲಿಸಿ ಅಂಗೈ ಎತ್ತುತ್ತಾರೆ.

ಇಲ್ಲಿ ಚಪ್ಪಾಳೆ ಬಿತ್ತು. ಸಾಹೇಬರು ಹೇಳಿಕೊಟ್ಟ ಆಟವೆಂದೇ ಎಲ್ಲರೂ ತಿಳಿದರು. ಆ ಸದ್ದಿನ ನಡುವೆಯೇ ಶಾಫಿ ಪ್ರಾರ್ಥನೆ ಮುಗಿಸಿ, ಅಂಗೈಯಿಂದ ಮುಖ ಸವರಿಕೊಂಡ.

ಸಾಹೇಬರ ಕಣ್ಣು ತೇವವಾಗಿತ್ತು. "ಈ ಫಾತಿಹಾ ಮುಂದಿನ ಮುದ್ರಣಕ್ಕೆ ಸೇರಲೇಬೇಕು, ಕಾಕಾ."

"ಹೆಸರು?"

"ಹೆಸರಿಲ್ದಿದ್ರೆ ಈ ಭಾಗ ನಿಲ್ಲೋದೇ ಇಲ್ಲವಲ್ಲ."